ಜಗಲಿಯ ಗ್ರಿಲ್: ಮಂಗಳೂರಿನ ಒಂದು ಹಂಚಿನ ಮನೆಯ ಪ್ರಕರಣ

ಈ ಮನೆಯವರು ನನ್ನನ್ನು ನಂಬಿ ಕಾಗದಪತ್ರ, ಹಣದ ಲೆಕ್ಕ, ಒಳಗಿನ ಮನಸ್ತಾಪ ಎಲ್ಲವನ್ನೂ ಹೇಳಿಕೊಂಡವರು. ಹಾಗಾಗಿ ಯಾರ ಹೆಸರೂ ಇಲ್ಲಿಲ್ಲ. ಓಣಿಯ ಗುರುತೂ ಇಲ್ಲ. ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಮಂಗಳೂರಿನ ತೆಂಕು ಭಾಗ, ನೇತ್ರಾವತಿಗೆ ಹತ್ತಿರ ಅಂದುಕೊಳ್ಳಿ, ಸಾಕು. ಹಳೆ ಮನೆಯನ್ನು ಇಟ್ಟುಕೊಳ್ಳಲೂ ಆಗದೆ ಕೆಡವಲೂ ಮನಸ್ಸು ಬಾರದೆ ಕೂತ ಕುಟುಂಬಗಳು ನಮ್ಮೂರಲ್ಲಿ ತುಂಬ ಇವೆ. ಅವರಿಗೆ ಉಪಯೋಗ ಆಗಲಿ ಅಂತ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ನಾನು ಸಿವಿಲ್ ಎಂಜಿನಿಯರ್. ಹೊಸ ಮನೆ ಕಟ್ಟುವುದು ನನ್ನ ಕೆಲಸ, ಹಳೆ ಮನೆಗಳ ಬಗ್ಗೆ ಕಲಿತದ್ದೆಲ್ಲ ಇಂಥ ಕೆಲಸಗಳಿಂದಲೇ.

ಮನೆಗೆ ನೂರು ವರ್ಷ ದಾಟಿದೆ. ಕಟ್ಟಿಸಿದವರು ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದವರು. ಈ ಮನೆ ಅರ್ಥ ಆಗಬೇಕಾದರೆ ಕಾರ್ಖಾನೆಯ ಕಥೆ ಸ್ವಲ್ಪ ಗೊತ್ತಿರಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮುದ್ರಣ, ನೇಯ್ಗೆ ಆದಮೇಲೆ 1865ರಲ್ಲಿ ಹಂಚಿಗೆ ಕೈ ಹಾಕಿದರು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು, ಸುಡುವುದಕ್ಕೆ ಘಟ್ಟದ ಸೌದೆ, ಸಾಗಿಸುವುದಕ್ಕೆ ಬಂದರು, ಎಲ್ಲವೂ ಕೈಗೆಟುಕುವಷ್ಟು ಹತ್ತಿರ ಇತ್ತು. ಅದಕ್ಕೆ ಮುಂಚೆ ಇಲ್ಲಿ ಮುಳಿಹುಲ್ಲಿನ ಮಾಡು (ಮನೆಯ ಚಾವಣಿ), ಇಲ್ಲದಿದ್ದರೆ ಕುಂಬಾರರು ಮಾಡಿದ ನಾಡಹಂಚು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಈ ಚಪ್ಪಟೆ ಹಂಚು ಬಂದಮೇಲೆ ಊರಿನ ಬಣ್ಣವೇ ಕೆಂಪಾಯಿತು. ಬೇರೆಯವರೂ ಒಬ್ಬರ ಹಿಂದೆ ಒಬ್ಬರು ಕಾರ್ಖಾನೆ ಹಾಕಿದರು. ಸುತ್ತಮುತ್ತ ಕೆಲಸಗಾರರ ಬಿಡಾರಗಳು, ಇಗರ್ಜಿ, ಭಜನಾ ಮಂದಿರ, ಶಾಲೆ ಬೆಳೆದವು. ನಾನು ಹೇಳುವ ಓಣಿಯೂ ಹಾಗೆ ಬೆಳೆದದ್ದೇ. ಹಿಂದೂಗಳು, ಕ್ರೈಸ್ತರು, ಬ್ಯಾರಿ ಮುಸ್ಲಿಮರು, ಮೂವರೂ ಒಂದೇ ಬಾವಿಕಟ್ಟೆಯ ಆಸುಪಾಸಿನಲ್ಲಿ.

ಮನೆಯ ಗೋಡೆ ಮುರಕಲ್ಲಿನದ್ದು (ಜಂಬಿಟ್ಟಿಗೆ ಕಲ್ಲು), ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಮಾಡನ್ನು ಹೊರುವ ಇಳಿಜಾರು ತೊಲೆಗಳು, ಅಂದರೆ ಪಕ್ಕಾಸು, ಬೋಗಿ ಮರದ್ದು. ಒಳಗೆ ಚಾವಡಿ, ಮೇಲೆ ಅಟ್ಟ, ಹಿಂದೆ ಅಡುಗೆಮನೆಯ ಕಟ್ಟು, ಪಕ್ಕದಲ್ಲಿ ಬಾವಿ. ಎದುರಿಗೆ ಓಣಿಯ ಉದ್ದಕ್ಕೂ ಚಾಚಿಕೊಂಡ ಜಗಲಿ, ಸುಮಾರು 40 ಅಡಿ. ಕೆಂಪು ಕಾವಿಯ ನೆಲ, ಮರದ ಕಂಬಗಳು. ಈ ಬರಹ ಇರುವುದೇ ಆ ಜಗಲಿಯ ಬಗ್ಗೆ. ಆದರೆ ಅದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ನನ್ನನ್ನು ಕರೆದವರು ಮನೆಯಲ್ಲೇ ಉಳಿದಿದ್ದ ಹಿರಿಯಕ್ಕ, ಎಪ್ಪತ್ತು ದಾಟಿದವರು. ಆಗಸ್ಟ್ ತಿಂಗಳು. ಚಾವಡಿಯಲ್ಲಿ ಏಳು ಕಡೆ ಬಾಲ್ದಿ, ಪಾತ್ರೆ ಇಟ್ಟಿದ್ದರು. "ಮಾರಾಯ್ರೇ, ಇದಕ್ಕೊಂದು ದಾರಿ ಮಾಡಿ ಕೊಡಿ. ಇಲ್ಲದಿದ್ದರೆ ತಮ್ಮಂದಿರು ಹೇಳಿದ ಹಾಗೆ ಬಿಲ್ಡರ್‌ಗೆ ಕೊಟ್ಟು ಬಿಡುವುದೇ" ಅಂದರು.

ಪಾಲುದಾರರು ಒಂಬತ್ತು ಮಂದಿ. ಮೂವರು ಮುಂಬೈ, ಇಬ್ಬರು ಗಲ್ಫ್, ಒಬ್ಬರು ಬೆಂಗಳೂರು, ಉಳಿದವರು ಊರಲ್ಲೇ. ಜಾಗ 28 ಸೆಂಟ್ಸ್. ವರ್ಗದ ಜಾಗ, ಅಂದರೆ ಪೂರ್ತಿ ಸ್ವಂತದ್ದು; ಮೂಲಗೇಣಿಯ (ಶಾಶ್ವತ ಗೇಣಿಯ) ತಕರಾರು ಇರಲಿಲ್ಲ. ಮಂಗಳೂರಲ್ಲಿ ಇದು ದೊಡ್ಡ ಸಮಾಧಾನ ಅಂತ ಇಲ್ಲಿನವರಿಗೆ ಗೊತ್ತು. ಬಿಲ್ಡರ್ ಒಬ್ಬರು ಜಾಯಿಂಟ್ ವೆಂಚರ್‌ಗೆ ಕೇಳಿದ್ದರು. ಎಲ್ಲ ಕೆಡವಿ ಫ್ಲ್ಯಾಟ್ ಕಟ್ಟುವುದು, ಒಬ್ಬೊಬ್ಬ ಪಾಲುದಾರನಿಗೂ ಒಂದೊಂದು ಫ್ಲ್ಯಾಟ್. ಇದರಲ್ಲಿ ದುರಾಸೆ ಏನೂ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡಿ ನಿವೃತ್ತನಾದ ತಮ್ಮನಿಗೆ ಊರಲ್ಲಿ ತನ್ನದು ಅಂತ ಒಂದು ಸೂರು ಬೇಕಿತ್ತು. ಹಳೆ ಮನೆ ಉಳಿಸಬೇಕು ಅನ್ನುವ ನಮ್ಮಂಥವರು ಈ ತಮ್ಮನ ಮಾತನ್ನು ಕೇಳಿಸಿಕೊಳ್ಳದೆ ಭಾಷಣ ಮಾಡಿದರೆ ಆ ಮನೆ ಉಳಿಯುವುದಿಲ್ಲ.

ಮನೆಯವರು ಅಷ್ಟರಲ್ಲಿ ಏನೆಲ್ಲ ಮಾಡಿ ನೋಡಿದ್ದರು ಅನ್ನುವುದು ಮುಖ್ಯ. ಸುಮಾರು ಹದಿನೈದು ವರ್ಷದ ಹಿಂದೆ ಗೋಡೆಯ ಸುಣ್ಣದ ಗಾರೆ ಉದುರುತ್ತಿದೆ ಅಂತ ಹೊರಗಿನಿಂದ ಪೂರ್ತಿ ಸಿಮೆಂಟ್ ಸಾರಣೆ ಮಾಡಿಸಿದ್ದರು. ದುಬಾರಿ ಪೇಂಟ್ ಕೂಡ ಹೊಡೆಸಿದ್ದರು. ಮುರಕಲ್ಲು ನೀರು ಕುಡಿಯುವ ಕಲ್ಲು. ಮಳೆಗಾಲದಲ್ಲಿ ಕುಡಿದದ್ದನ್ನು ಬೇಸಿಗೆಯಲ್ಲಿ ಬಿಡುತ್ತದೆ, ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿತು. ನೀರು ಒಳಗಡೆಗೆ ತಿರುಗಿತು. ಚಾವಡಿಯ ಗೋಡೆಯಲ್ಲಿ ಸೊಂಟದೆತ್ತರದವರೆಗೆ ಬಿಳಿ ಉಪ್ಪು, ಬೂಷ್ಟು. ಅದನ್ನು ನೋಡಿ ಮನೆಯವರು "ಗೋಡೆ ಹಾಳಾಗಿದೆ, ಮನೆ ಮುಗಿಯಿತು" ಅಂತ ತೀರ್ಮಾನಿಸಿದ್ದರು. ಗೋಡೆ ಗಟ್ಟಿಯಾಗೇ ಇತ್ತು. ಉಸಿರು ಕಟ್ಟಿತ್ತು, ಅಷ್ಟೇ.

ಮಾಡಿನದ್ದು ಇನ್ನೊಂದು ಕಥೆ. ಹಂಚಿನ ಮಾಡು ಅಂದರೆ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಹಂಚು ಕೈಯಾಡಿಸಬೇಕು. ಸರಿದದ್ದನ್ನು ಕೂರಿಸುವುದು, ಒಡೆದದ್ದನ್ನು ಬದಲಿಸುವುದು, ಕಸ ತೆಗೆಯುವುದು. ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ಇದು, ಒಂದು ವರ್ಷ ತಪ್ಪಿದರೂ ಕಷ್ಟ. ಇಲ್ಲಿ ಎಂಟು ವರ್ಷದಿಂದ ಯಾರೂ ಹತ್ತಿರಲಿಲ್ಲ. ಅದರ ಬದಲು ಸೋರುವ ಜಾಗದ ಮೇಲೆ ನೀಲಿ ಟಾರ್ಪಾಲು ಹಾಕಿ ಕಲ್ಲು ಹೇರಿದ್ದರು. ಟಾರ್ಪಾಲಿನ ಅಡಿಯಲ್ಲಿ ಎಲೆ ಕೊಳೆತು, ಗೆದ್ದಲು ಹಿಡಿದು, ಪಕ್ಕಾಸಿನ ತುದಿಗಳು ಹೋಗಿದ್ದವು.

ಇನ್ನು ನಾನು ಮಾಡಿದ ತಪ್ಪು. ನಾನೂ, ನನ್ನ ಜೊತೆಗಿದ್ದ ಇಬ್ಬರು ಗೆಳೆಯರೂ ಈ ಮನೆಯನ್ನು "ಪಾರಂಪರಿಕ ಕಟ್ಟಡ" ಅಂತಲೇ ನೋಡಿದೆವು. ಸರ್ಕಾರದಿಂದ ಏನಾದರೂ ರಕ್ಷಣೆ ಸಿಗುತ್ತದಾ ಅಂತ ಕಚೇರಿಗಳನ್ನು ಸುತ್ತಿದೆವು. ಕಾನೂನು ರಕ್ಷಿಸುವುದು ಘೋಷಿತ ಸ್ಮಾರಕಗಳನ್ನು, ಒಂಬತ್ತು ಪಾಲುದಾರರಿರುವ ಖಾಸಗಿ ಮನೆಯನ್ನಲ್ಲ. ಆಮೇಲೆ ಹೋಮ್‌ಸ್ಟೇ ಮಾಡೋಣ ಅಂದೆವು. ಲೆಕ್ಕ ಹಾಕಿದರೆ ಬಚ್ಚಲು, ಎಸಿ, ಪಾರ್ಕಿಂಗ್ ಅಂತ ಹೋಗುವ ಖರ್ಚು ಮಾಡಿನ ಖರ್ಚಿಗಿಂತ ಜಾಸ್ತಿ ಆಗುತ್ತಿತ್ತು. ಕೊನೆಗೆ ಮ್ಯೂಸಿಯಂ ಅಂದೆವು. ಹಳೆ ಹಂಚು, ಹಳೆ ಫೋಟೋ, ಕಾರ್ಖಾನೆಯ ನೆನಪು. ಒಂದು ಭಾನುವಾರ ಮನೆ ನೋಡಲು ಜನರನ್ನು ಕರೆದೆವು. ಅರವತ್ತು ಮಂದಿ ಬಂದರು, ಫೋಟೋ ತೆಗೆದರು, ಚಂದ ಉಂಟು ಅಂದರು, ಹೋದರು. ಓಣಿಯವರು ಒಬ್ಬರೂ ಬರಲಿಲ್ಲ.

ಅದು ನನ್ನನ್ನು ಕಾಡಿತು. ಎದುರು ಮನೆಯವರಿಗೇ ಬೇಡವಾದ ಮನೆಯನ್ನು ಯಾರಿಗಾಗಿ ಉಳಿಸುವುದು?

ಮರುವಾರ ಸಂಜೆ ಎದುರು ಮನೆಗೆ ಹೋದೆ. ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸುವುದು, ಚಿಟಿಕೆ ಹೊಗೆಸೊಪ್ಪು ಉದುರಿಸುವುದು, ಸುತ್ತಿ ತುದಿ ಮಡಚಿ ನೂಲು ಬಿಗಿಯುವುದು. ಕಣ್ಣು ನನ್ನ ಮೇಲೆ, ಕೈ ತನ್ನ ಪಾಡಿಗೆ ಕೆಲಸದಲ್ಲಿ. ಭಾನುವಾರ ಯಾಕೆ ಬರಲಿಲ್ಲ ಅಂತ ಕೇಳಿದೆ. ಹಿರಿಯವರು ನಗದೆ ಹೇಳಿದರು: "ನಮಗೆ ಆ ಜಗಲಿ ನೋಡ್ಲಿಕ್ಕೆ ಎಂತ ಉಂಟು ಸರ್? ನಾನು ಮದುವೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷ ಅಲ್ಲೇ ಕೂತು ಬೀಡಿ ಕಟ್ಟಿದ್ದೇನೆ. ಗ್ರಿಲ್ ಹಾಕಿದ ಮೇಲೆ ಹೋಗಲಿಲ್ಲ."

ಆಮೇಲೆ ಒಂದೊಂದೇ ಹೊರಗೆ ಬಂತು. ಮಧ್ಯಾಹ್ನ ಊಟ ಆದಮೇಲೆ ಓಣಿಯ ಹತ್ತು ಹನ್ನೆರಡು ಹೆಂಗಸರು ಮೊರ ತೆಗೆದುಕೊಂಡು ಆ ಜಗಲಿಗೆ ಬರುತ್ತಿದ್ದರು. ಬೆಳಕು, ಹೊಳೆಯ ಗಾಳಿ, ಮಾತು. ಶನಿವಾರ ಲೆಕ್ಕ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೊರಡುವುದೂ ಅಲ್ಲಿಂದಲೇ. ಕ್ರೈಸ್ತರ ಮನೆಯ ತೆನೆ ಹಬ್ಬದ ಹೊಸಕ್ಕಿ, ಬ್ಯಾರಿಗಳ ಪೆರ್ನಾಳ್‌ (ಈದ್) ಹಬ್ಬದ ತಿಂಡಿ, ಚೌತಿಯ ಕಡುಬು ಎಲ್ಲ ಹಂಚಿ ತಿಂದದ್ದು ಅದೇ ಜಗಲಿಯಲ್ಲಿ. ರಾತ್ರಿ ಗಂಡಸರ ಸರದಿ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮತ್ತೆ ತಿರುಗಾಟ ಮಳೆಗಾಲ ಕಳೆದ ಮೇಲೆ. ನಡುವಿನ ತಿಂಗಳುಗಳಲ್ಲಿ ಆ ಜಗಲಿಯಲ್ಲಿ ವಾರಕ್ಕೊಮ್ಮೆ ತಾಳಮದ್ದಳೆ ಕೂಟ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಕಾರ್ಖಾನೆಯ ಕೆಲಸಗಾರ, ಶಾಲೆಯ ಮಾಸ್ತರು, ಬಂದರಿನ ಗುಮಾಸ್ತ, ಇವರೇ ಅರ್ಥಧಾರಿಗಳು, ಪಾತ್ರಗಳ ಮಾತು ಹೇಳುವವರು. ಹೊರಗೆ ಧೋ ಅಂತ ಮಳೆ, ಒಳಗೆ ವಾಲಿಗೂ ರಾಮನಿಗೂ ವಾದ.

1990ರ ದಶಕದಲ್ಲಿ ಪಕ್ಕದ ಓಣಿಯಲ್ಲಿ ಕಳ್ಳತನ ಆಯಿತು. ಮನೆಯಲ್ಲಿ ಗಂಡಸರು ಕಡಿಮೆಯಾಗಿದ್ದರು. ಭಯಕ್ಕೆ ಜಗಲಿಯ ಉದ್ದಕ್ಕೂ ಕಬ್ಬಿಣದ ಗ್ರಿಲ್ ಹಾಕಿಸಿದರು. ಬೀಗ ಒಳಗಿನಿಂದ. ಬರಬೇಡಿ ಅಂತ ಯಾರಿಗೂ ಹೇಳಲಿಲ್ಲ. ಆದರೆ ಬೆಲ್ ಒತ್ತಿ, ಬೀಗ ತೆಗೆಸಿಕೊಂಡು ಹೋಗಿ ಕೂರುವುದು ಜಗಲಿಗೆ ಬರುವ ರೀತಿ ಅಲ್ಲ, ಅಲ್ವಾ? ಮೊದಲು ಬೀಡಿ ನಿಂತಿತು, ಮರುವರ್ಷ ತಾಳಮದ್ದಳೆ ಭಜನಾ ಮಂದಿರಕ್ಕೆ ಹೋಗಿ ಅಲ್ಲಿ ಕ್ರಮೇಣ ನಿಂತಿತು.

ಇನ್ನೂ ಒಂದು ವಿಷಯ ಆ ಹೆಂಗಸರಿಂದಲೇ ಗೊತ್ತಾದದ್ದು. ಹಂಚು ಕೈಯಾಡಿಸುವವರನ್ನು ಕರೆಸುತ್ತಿದ್ದದ್ದು ಮನೆಯವರಲ್ಲ, ಕೂಟದವರು! ಮಳೆಗಾಲದಲ್ಲಿ ತಮಗೆ ಸೋರದ ಜಾಗ ಬೇಕು ಅಂತ ಪತ್ತನಾಜೆಗೆ ಮುಂಚೆ ಓಣಿಯ ಹುಡುಗರೇ ಹತ್ತಿ ಹಂಚು ಸರಿ ಮಾಡುತ್ತಿದ್ದರು. ಮನೆಯವರು ಅವರಿಗೆ ಊಟ ಹಾಕುತ್ತಿದ್ದರು. ಗ್ರಿಲ್ ಬಂದಮೇಲೆ ಕೂಟ ಹೋಯಿತು, ಕೂಟದ ಜೊತೆ ಮಾಡು ಹತ್ತುವವರೂ ಹೋದರು. ಆಮೇಲೆ ಕೆಲವು ವರ್ಷ ಮನೆಯವರು ಕೂಲಿ ಕೊಟ್ಟು ಮಾಡಿಸಿದರು, ಮತ್ತೆ ಅದೂ ತಪ್ಪಿತು. ನಾನು ಎರಡು ವರ್ಷ ಸೋರುವ ಕಾರಣವನ್ನು ಮಾಡಿನಲ್ಲಿ ಹುಡುಕುತ್ತಿದ್ದೆ, ಕಾರಣ ಜಗಲಿಯಲ್ಲಿ ಇತ್ತು.

ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು. ಹಿರಿಯಕ್ಕನ ಹತ್ತಿರ ಮೊದಲು ಕೇಳಿದ್ದು ದುಡ್ಡಲ್ಲ, ಗ್ರಿಲ್ ತೆಗೆಯಲು ಒಪ್ಪಿಗೆ. ಅವರು ಒಂದು ತಿಂಗಳು ಒಪ್ಪಲಿಲ್ಲ. ಒಬ್ಬರೇ ಇರುವ ಹೆಂಗಸಿನ ಭಯವನ್ನು ಸಣ್ಣದು ಮಾಡಬಾರದು. ಕೊನೆಗೆ ಬೀಡಿ ಕಟ್ಟುವ ಆ ಎದುರು ಮನೆಯವರೇ ಬಂದು "ಅಕ್ಕ, ನಾವು ಹಗಲಿಡೀ ಇಲ್ಲೇ ಇದ್ದರೆ ಕಳ್ಳ ಯಾವಾಗ ಬರುವುದು?" ಅಂತ ಕೇಳಿದರು. ಚಾವಡಿಯ ಹಲಸಿನ ಬಾಗಿಲಿಗೆ ಒಳ್ಳೆ ಬೀಗ, ಕಿಟಕಿಗಳಿಗೆ ಒಳಗಿನಿಂದ ಸರಳು, ಜಗಲಿಗೆ ರಾತ್ರಿ ದೀಪ ಹಾಕಿಸಿದೆವು. ಆಮೇಲೆ ಗ್ರಿಲ್ ಕತ್ತರಿಸಿದೆವು. ಮಾರಿದ ಹಣದಲ್ಲಿ ಎರಡು ಮರದ ಬೆಂಚು ಬಂದವು.

ಪಾಲಿನ ವಿಷಯ ಅಷ್ಟು ಸುಲಭ ಇರಲಿಲ್ಲ. ಆರು ಸಲ ಕೂತು ಮಾತಾಡಿದ್ದಾರೆ, ಅದರಲ್ಲಿ ಎರಡು ಸಲ ಎದ್ದು ಹೋಗಿದ್ದಾರೆ. ದಾರಿ ತೋರಿಸಿದ್ದು ಮುಂಬೈ ತಮ್ಮನೇ. ಹಿಂದಿನ 16 ಸೆಂಟ್ಸ್ ಕೊಡುವುದು, ಅಲ್ಲಿ ಸಣ್ಣ ಕಟ್ಟಡ ಬರಲಿ, ಫ್ಲ್ಯಾಟ್ ಬೇಕಾದವರು ಅಲ್ಲಿ ತೆಗೆದುಕೊಳ್ಳಲಿ. ಮುಂದಿನ 12 ಸೆಂಟ್ಸ್, ಮನೆ, ಬಾವಿ ಉಳಿಯಲಿ. ಮನೆ ಬೇಕು ಅಂದವರು ನಾಲ್ಕು ಮಂದಿ. ಅವರು ಹಿಂದಿನ ಪಾಲು ಬಿಟ್ಟುಕೊಟ್ಟರು, ಉಳಿದವರು ಮುಂದಿನದಕ್ಕೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರು. ಇದಕ್ಕಾಗಿ ಅಡುಗೆಮನೆಯ ಕಟ್ಟನ್ನು ಕೆಡವಬೇಕಾಯಿತು. ಒಳ್ಳೆಯ ಕಟ್ಟು ಅದು, ಹೊಗೆ ಹೋಗಲು ಮಾಡಿನಲ್ಲಿ ಬಿಟ್ಟ ಕಿಂಡಿ ಎಲ್ಲ ಇತ್ತು. ಕೆಡವಿದ ದಿನ ನಾನು ಅಲ್ಲಿಗೆ ಹೋಗಲಿಲ್ಲ. ಈಗಲೂ ಬೇಸರ ಇದೆ. ಆದರೆ ಇಡೀ ಮನೆ ಉಳಿಯಬೇಕು ಅಂತ ಹಟ ಹಿಡಿದಿದ್ದರೆ ಇಡೀ ಮನೆ ಹೋಗುತ್ತಿತ್ತು, ಅದು ಖಂಡಿತ. ಒಬ್ಬ ಅಕ್ಕ ಈ ಒಪ್ಪಂದದಲ್ಲಿ ತನಗೆ ಕಡಿಮೆ ಬಂತು ಅಂತ ಇವತ್ತಿಗೂ ಮಾತು ಬಿಟ್ಟಿದ್ದಾರೆ.

ಮಾಡಿನ ಕೆಲಸವನ್ನು ಎರಡು ಬೇಸಿಗೆಗೆ ಹಂಚಿದೆವು. ಆಚಾರಿ ಬಂದು ಮೊದಲ ದಿನ ಒಂದು ಸ್ಕ್ರೂಡ್ರೈವರ್ ಹಿಡಿದು ಪಕ್ಕಾಸುಗಳ ತುದಿ ಚುಚ್ಚುತ್ತ ಹೋದರು. ಗೋಡೆಯ ಮೇಲೆ ಕೂರುವ ಜಾಗದಲ್ಲಿ ಕೆಲವು ಕಡೆ ಹಿಡಿಯವರೆಗೆ ಒಳಗೆ ಹೋಯಿತು. ಮೂರಡಿ ಈಚೆಗೆ ಬಂದರೆ ಅದೇ ಪಕ್ಕಾಸಿನಲ್ಲಿ ಮೊನೆಯೂ ಇಳಿಯುವುದಿಲ್ಲ. ಪೂರ್ತಿ ಬದಲಿಸುವ ಅಂದಾಜು ಮಾಡಿದ್ದವನು ನಾನು. ಅವರು ತುದಿ ಮಾತ್ರ ಕತ್ತರಿಸಿ, ಕೆಡವಿದ ಕಟ್ಟಿನ ಮರವನ್ನೇ ಬೆಸೆದು ಗೂಟ ಹೊಡೆದರು. 62 ಪಕ್ಕಾಸುಗಳಲ್ಲಿ ಪೂರ್ತಿ ಬದಲಿಸಿದ್ದು 9. ಹಂಚು ಕೂರುವ ರೀಪುಗಳು ಮಾತ್ರ ಹೆಚ್ಚುಕಡಿಮೆ ಎಲ್ಲ ಹೊಸತು.

ಹಂಚು ಕೈಯಾಡಿಸಿದವರು ಅರವತ್ತು ದಾಟಿದವರು, ಹುಡುಗನಾಗಿದ್ದಾಗ ಇದೇ ಮಾಡು ಹತ್ತಿದವರು. ಕೆಳಗಿಳಿಸಿದ ಒಂದೊಂದು ಹಂಚನ್ನೂ ಎಡಗೈಯಲ್ಲಿ ತೂಗು ಹಾಕಿ ಹಿಡಿದು ಬಲಗೈಯ ಗೆಣ್ಣಿನಿಂದ ಬಡಿಯುತ್ತಿದ್ದರು. ಠಣ್ ಅಂದರೆ ಒಳ್ಳೆಯದು. ದಬ್ ಅಂದರೆ ಕಣ್ಣಿಗೆ ಕಾಣದ ಬಿರುಕು ಉಂಟು ಅಂತ. ನೂರು ಚದರಡಿ ಮಾಡಿಗೆ ಸುಮಾರು 150 ಹಂಚು ಬೇಕು, ಒಂದೊಂದೂ ಎರಡೂವರೆ ಕೆ.ಜಿ. ಆಸುಪಾಸು. ಅಷ್ಟನ್ನೂ ಹೀಗೆ ಬಡಿದು ಮೂರು ಅಟ್ಟಿ ಮಾಡಿದರು. ತೊಳೆದಾಗ ಅಡಿಯಲ್ಲಿ ಕಾರ್ಖಾನೆಗಳ ಅಚ್ಚು ಕಂಡಿತು. ಐದು ಬೇರೆ ಬೇರೆ ಕಾರ್ಖಾನೆಗಳದ್ದು, ಅಂದರೆ ಬೇರೆ ಬೇರೆ ಕಾಲದ ರಿಪೇರಿಗಳದ್ದು. ಅವುಗಳಲ್ಲಿ ಇವತ್ತು ಒಂದೂ ಇಲ್ಲಿ ಹಂಚು ಸುಡುತ್ತಿಲ್ಲ. ಮಣ್ಣು ಸಿಗುವುದು ಕಷ್ಟವಾಯಿತು, ಕಾಂಕ್ರೀಟ್ ತಾರಸಿ ಬಂತು, ಒಂದೊಂದೇ ಮುಚ್ಚಿದವು. ಹಾಗಾಗಿ ಹಳೆ ಮನೆ ಕೆಡವುವಾಗ ಹಂಚನ್ನು ಲಾರಿಗೆ ಸುಮ್ನೆ ಸುರಿಯಬೇಡಿ ಅಂತ ಎಲ್ಲರಲ್ಲೂ ಬೇಡಿಕೊಳ್ಳುತ್ತೇನೆ. ಇನ್ನೊಂದು ಮನೆಯ ಮಾಡು ಅದರಿಂದಲೇ ಉಳಿಯುವುದು.

ಗೋಡೆಯ ಸಿಮೆಂಟ್ ಕೆತ್ತಿದ್ದು ಎರಡನೇ ಬೇಸಿಗೆಯಲ್ಲಿ. ಕೆತ್ತಿದ ತಕ್ಷಣ ಸಾರಣೆ ಮಾಡಬಾರದು. ಏಪ್ರಿಲ್, ಮೇ ಬಿಸಿಲಿಗೆ ಆರು ವಾರ ಹಾಗೇ ಬಿಟ್ಟೆವು. ನೋಡಿದವರೆಲ್ಲ ಕೆಲಸ ನಿಂತುಹೋಯಿತು ಅಂದುಕೊಂಡರು. ಆಮೇಲೆ ಸುಣ್ಣ, ಮರಳಿನ ಗಾರೆ, ಅದರ ಮೇಲೆ ಸುಣ್ಣ. ಮಳೆ ಬೀಳುವ ಪಶ್ಚಿಮದ ಗೋಡೆಗೆ ಸಾಲದು ಅಂತ ಅಲ್ಲಿ ಮಾಡನ್ನು ಎರಡಡಿ ಮುಂದಕ್ಕೆ ಚಾಚಿದೆವು. ಒಳಗಿನ ಉಪ್ಪು ಪೂರ್ತಿ ಹೋಗಿಲ್ಲ, ಮೊದಲ ವರ್ಷ ಮತ್ತೆ ಸ್ವಲ್ಪ ಕಾಣಿಸಿತು, ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದೆವು.

ಖರ್ಚಿನ ಬಗ್ಗೆ ತುಂಬ ಜನ ಕೇಳುತ್ತಾರೆ. ಹಿಂದಿನ ಜಾಗದಿಂದ ಬಂದ ಮುಂಗಡದಲ್ಲಿ ಮನೆಗೆ ಅಂತ ಒಂದು ಭಾಗ ತೆಗೆದಿಟ್ಟದ್ದರಿಂದಲೇ ಇದು ಸಾಧ್ಯವಾಯಿತು, ಆ ಮಾತನ್ನು ಪಾಲುಪಟ್ಟಿಯಲ್ಲೇ ಬರೆಸಿದ್ದರು. ಬಾಯಿಮಾತಲ್ಲಿ ಬಿಟ್ಟಿದ್ದರೆ ಆ ಹಣ ನಿಲ್ಲುತ್ತಿರಲಿಲ್ಲ. ಇನ್ನು ವರ್ಷದ ಖರ್ಚಿಗೆ ಅಟ್ಟವನ್ನು ಓದುವ ಹುಡುಗಿಯರಿಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಅಕ್ಕನಿಗೆ ರಾತ್ರಿ ಜನ ಇದ್ದ ಹಾಗೂ ಆಯಿತು.

ಜಗಲಿಗೆ ಮೊದಲಿನಷ್ಟು ಹೆಂಗಸರು ಬರುವುದಿಲ್ಲ. ಬೀಡಿ ಕೆಲಸವೇ ಕಡಿಮೆಯಾಗಿದೆ, ಮಕ್ಕಳು ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ, ಅದು ಒಳ್ಳೆಯದೇ. ನಾಲ್ಕೈದು ಮಂದಿ ಬರುತ್ತಾರೆ. ಸಂಜೆ ಶಾಲೆ ಮಕ್ಕಳು ಬಂದು ಓದುತ್ತಾರೆ, ಹಿಂದಿನ ಹೊಸ ಕಟ್ಟಡದವರೂ ಸೇರಿದ್ದಾರೆ. ತಾಳಮದ್ದಳೆ ತಿಂಗಳಿಗೆ ಎರಡು ಸಲ ಆಗುತ್ತಿದೆ. ಮೊದಲ ಕೂಟದಲ್ಲಿ ಅರ್ಥ ಹೇಳಿದವರಲ್ಲಿ ಇಬ್ಬರು ಹಳೆ ಕೂಟದವರು, ಒಬ್ಬಳು ಕಾಲೇಜು ಹುಡುಗಿ. ಚೆಂಡೆ ಶುರುವಾದಾಗ ಎದುರು ಮನೆಯ ಮುದುಕಿ ಕುರ್ಚಿ ಹೊರಗೆ ಎಳೆದುಕೊಂಡು ಕೂತದ್ದನ್ನು ನೋಡಿದೆ. ಹಿರಿಯಕ್ಕ ಒಳಗೆ ಎಲ್ಲರಿಗೂ ಚಾ ಮಾಡುತ್ತಿದ್ದರು.

ಕೂಟದವರು ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಮಾಡು ಹತ್ತಿದ ದಿನ, ಹತ್ತಿದವರು, ಬದಲಿಸಿದ ಹಂಚಿನ ಲೆಕ್ಕ. ಹೋದ ಮೇ ತಿಂಗಳಲ್ಲಿ 31 ಹಂಚು ಹೋಗಿತ್ತು, ಹೆಚ್ಚಿನವು ಮಂಗ ಓಡಾಡಿದ್ದರಿಂದ. ಕೆಡವಿದ ಕಟ್ಟಿನಿಂದ ಇಳಿಸಿದ ಹಂಚು ಬಾವಿಯ ಪಕ್ಕ ಅಟ್ಟಿ ಹಾಕಿದ್ದಾರೆ, ಇನ್ನೂ ಸುಮಾರು 400 ಉಂಟು. ಈ ಸಲ ಮೇಲೆ ಹತ್ತಿದ್ದು ಓಣಿಯ ಇಬ್ಬರು ಹುಡುಗರು. ಆ ಹಿರಿಯರು ಮಂಡಿನೋವಿನಿಂದ ಹತ್ತಲಾಗದೆ ಅಂಗಳದಲ್ಲಿ ಬೆಂಚು ಹಾಕಿ ಕೂತು, ಮೇಲಕ್ಕೆ ಕೊಡುವ ಮುಂಚೆ ಪ್ರತಿ ಹಂಚನ್ನೂ ಗೆಣ್ಣಿನಿಂದ ಬಡಿದು ನೋಡಿ ಕೊಟ್ಟರು.